ಅಟ್ಟದ ಮೇಲಿನ ಆ ಪೆಟ್ಟಿಗೆ ಎಷ್ಟು ಹಳೆಯದು?

ಅಟ್ಟ ಕ್ಲೀನ್ ಮಾಡುವಾಗ ಇಳಿಜಾರು ಮುಚ್ಚಳದ ಮರದ ಪೆಟ್ಟಿಗೆಯೊಂದು ಸಿಕ್ಕಿದೆಯಾ? ಗುಜರಿಯವನು ಮುನ್ನೂರು ಕೊಡ್ತೀನಿ ಅಂದ ಅಂತ ಹೂಂ ಅಂದುಬಿಡಬೇಡಿ. ಆಮೇಲೆ ಅತ್ತೆ 'ಅದು ನಮ್ಮ ಮಾವನವರು ಲೆಕ್ಕ ಬರೀತಿದ್ದ ಪೆಟ್ಟಿಗೆ ಕಣಮ್ಮಾ' ಅಂದರೆ ಎಲ್ಲಿಂದ ವಾಪಸ್ ತರ್ತೀರಿ?

ಕಾಲಿಲ್ಲದ ಇಂಥ ಪೆಟ್ಟಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬರೆಯೋಕೆ. ಶಾನುಭೋಗರು, ಅಂಗಡಿ ಗುಮಾಸ್ತರು ಬಳಸುತ್ತಿದ್ದರು. ಒಳಗೆ ಮಸಿಕುಡಿಕೆ ಇಡುವ ಗುಳಿ, ಮಸಿಯ ಕಲೆ ಇದ್ದರೆ ಅನುಮಾನವೇ ಬೇಡ. ಮುಚ್ಚಳದಲ್ಲಿ ನಾಣ್ಯ ಹಾಕುವ ಸೀಳಿದ್ದರೆ ಗಲ್ಲಾಪೆಟ್ಟಿಗೆ ಇರಬೇಕು.

ವಯಸ್ಸು ತಿಳಿಯಲು ಮುಂಭಾಗ ನೋಡಬೇಡಿ, ಅದಕ್ಕೆ ಎಷ್ಟು ಸಲ ಪಾಲಿಷ್ ಆಗಿದೆಯೋ! ಬೋರಲು ಹಾಕಿ, ತಳ ನೋಡಿ. ಮೂಲೆಯಲ್ಲಿ ಹಲಗೆಗಳು ಬೆರಳು ಹೆಣೆದಂತೆ ಸೇರಿರುತ್ತವೆ. ಆ ಹಲ್ಲುಗಳು ಒಂದೊಂದೂ ಒಂದೊಂದು ಅಳತೆಯಿದ್ದರೆ ಕೈಕೆಲಸ. ಪ್ಲಸ್ ಗುರುತಿನ ಸ್ಕ್ರೂ ವ್ಯಾಪಕ ಬಳಕೆಗೆ ಬಂದದ್ದೇ 1930ರ ದಶಕದ ನಂತರ. ಹಾಗಂತ ಒಂದೇ ಒಂದು ಕಂಡರೆ ನಿರಾಸೆ ಬೇಡ, ರಿಪೇರಿಯದೂ ಇರಬಹುದು. ಪಕ್ಕದಲ್ಲೇ ಹಳೆಯ ಮೊಳೆಯ ತೂತಿದೆಯಾ ಹುಡುಕಿ.

ಹೊಳಪು ಬರಲೆಂದು ಸ್ಪಿರಿಟ್, ಥಿನ್ನರ್ ಹಚ್ಚಿ ಉಜ್ಜಬೇಡಿ. ಹಳೆಯ ಅರಗಿನ ಪಾಲಿಷ್ ಸ್ಪಿರಿಟ್ ತಾಗಿದರೆ ಕರಗಿಹೋಗುತ್ತೆ. ಒಣ ಹತ್ತಿಬಟ್ಟೆ ಸಾಕು. ಅತ್ತೆಯವರ ಹತ್ತಿರ ಕೂತು ಪೆಟ್ಟಿಗೆ ಯಾರದು, ಯಾವ ಊರಿಂದ ಬಂತು ಅಂತ ಕೇಳಿ, ಚೀಟಿಯಲ್ಲಿ ಬರೆದು ಅದರೊಳಗೇ ಇಡಿ.