ವಿಧಾನ ಪರಿಷತ್ತು: ಶಿಕ್ಷಕರ ಮತ, ಪದವೀಧರರ ಮತ

ವಿಧಾನಸಭೆಯ ಚುನಾವಣೆ ಕುಡಚಿಯ ಮತದಾರರಿಗೆ ಹೊಸದಲ್ಲ. ಹದಿನೆಂಟು ವರ್ಷ ತುಂಬಿದ ಪ್ರತಿಯೊಬ್ಬರಿಗೂ ಒಂದು ಮತ. ಹೆಚ್ಚು ಮತ ಪಡೆದವರು ಸಭೆಯ 224 ಸದಸ್ಯರಲ್ಲಿ ಒಬ್ಬರಾಗುತ್ತಾರೆ. ಆದರೆ ಇದೇ ಊರಿನ ಪ್ರೌಢಶಾಲಾ ಶಿಕ್ಷಕರಿಗೂ ಪದವೀಧರರಿಗೂ ರಾಜ್ಯದ ಶಾಸಕಾಂಗದಲ್ಲಿ ಇನ್ನೊಂದು ಮತವುಂಟೆಂಬುದು ಅನೇಕರ ಗಮನಕ್ಕೆ ಬಂದಿರುವುದಿಲ್ಲ. ಅದು ಮೇಲ್ಮನೆಯಾದ ವಿಧಾನ ಪರಿಷತ್ತಿನ ಮತ.

ಪರಿಷತ್ತಿನ ಸದಸ್ಯರು 75 ಮಂದಿ. ಅವರಲ್ಲಿ 25 ಮಂದಿಯನ್ನು ಶಾಸಕರೂ, 25 ಮಂದಿಯನ್ನು ಪಂಚಾಯತಿ, ಪುರಸಭೆ ಮೊದಲಾದ ಸ್ಥಳೀಯ ಸಂಸ್ಥೆಗಳ ಸದಸ್ಯರೂ ಚುನಾಯಿಸುತ್ತಾರೆ. ಪದವೀಧರರು 7, ಶಿಕ್ಷಕರು 7 ಮಂದಿಯನ್ನು ಆರಿಸುತ್ತಾರೆ. ಉಳಿದ 11 ಮಂದಿಯನ್ನು ರಾಜ್ಯಪಾಲರು ನಾಮಕರಣ ಮಾಡುತ್ತಾರೆ. ಸದಸ್ಯತ್ವದ ಅವಧಿ ಆರು ವರ್ಷ. ಎರಡು ವರ್ಷಗಳಿಗೊಮ್ಮೆ ಮೂರನೆಯ ಒಂದು ಭಾಗದಷ್ಟು ಸದಸ್ಯರು ನಿವೃತ್ತರಾಗುವುದರಿಂದ ಈ ಸದನವು ಎಂದೂ ವಿಸರ್ಜನೆಯಾಗುವುದಿಲ್ಲ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಕೂಡಿ ವಾಯವ್ಯ ಶಿಕ್ಷಕರ ಕ್ಷೇತ್ರವೂ ವಾಯವ್ಯ ಪದವೀಧರರ ಕ್ಷೇತ್ರವೂ ಆಗಿವೆ.

ಇಲ್ಲಿನ ಮತದಾನದ ಕ್ರಮವೇ ಬೇರೆ. ಜರ್ಮನಿಯ ನಗರರಾಜ್ಯವಾದ ಬ್ರೆಮೆನ್‌ನಲ್ಲಿ ಮತದಾರನಿಗೆ ಐದು ಮತಗಳಿದ್ದು, ಅವನ್ನೆಲ್ಲ ಒಬ್ಬರಿಗೇ ಕೊಡಬಹುದು, ಹಲವರಿಗೆ ಹಂಚಲೂಬಹುದು. ಪರಿಷತ್ತಿನಲ್ಲಿ ಮತ ಒಂದೇ; ಆದರೆ ಅದು ವರ್ಗವಾಗಬಲ್ಲ ಮತ. ಮತದಾರನು ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ತನ್ನ ಒಲವಿನ ಕ್ರಮವನ್ನು ಬರೆಯಬೇಕು. ಸಿಂಧುವಾದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಯಾರಿಗೂ ದೊರೆಯದಿದ್ದರೆ, ಕಡೆಯ ಸ್ಥಾನದ ಅಭ್ಯರ್ಥಿಯನ್ನು ಕೈಬಿಟ್ಟು, ಅವರ ಮತಪತ್ರಗಳನ್ನು ಮುಂದಿನ ಒಲವಿನವರಿಗೆ ಸೇರಿಸಲಾಗುತ್ತದೆ. ಅಂಕೆ 1 ಇಲ್ಲದ ಮತಪತ್ರ ತಿರಸ್ಕೃತವಾಗುತ್ತದೆ.

ಪರಿಷತ್ತಿನ ಅಧಿಕಾರಕ್ಕೆ ಮಿತಿಯುಂಟು. ಹಣಕಾಸಿನ ಮಸೂದೆಯನ್ನು ಅದು 14 ದಿನಗಳೊಳಗೆ ಹಿಂದಿರುಗಿಸಬೇಕು. ಇತರ ಮಸೂದೆಗಳನ್ನು ಮೊದಲ ಸಲ ಮೂರು ತಿಂಗಳು, ವಿಧಾನಸಭೆ ಮತ್ತೊಮ್ಮೆ ಅಂಗೀಕರಿಸಿ ಕಳುಹಿಸಿದರೆ ಒಂದು ತಿಂಗಳು ತಡೆಯಬಹುದು. ಕೊನೆಯ ಮಾತು ವಿಧಾನಸಭೆಯದೇ. ಆದರೂ ಮಂತ್ರಿಗಳನ್ನು ಪ್ರಶ್ನಿಸುವ, ಶಿಕ್ಷಣದ ಕುಂದುಕೊರತೆಗಳನ್ನು ಸದನದ ಮುಂದಿಡುವ ಅವಕಾಶ ಸದಸ್ಯರಿಗಿದೆ.

ಈ ಮತ ತಾನಾಗಿ ಬರುವುದಿಲ್ಲ. ಪದವಿ ಪಡೆದು ಮೂರು ವರ್ಷ ಕಳೆದಿರಬೇಕು. ಶಿಕ್ಷಕರಾದರೆ ಹಿಂದಿನ ಆರು ವರ್ಷಗಳಲ್ಲಿ ಒಟ್ಟು ಮೂರು ವರ್ಷವಾದರೂ ಪ್ರೌಢಶಾಲೆ ಅಥವಾ ಅದಕ್ಕೂ ಮೇಲಿನ ಸಂಸ್ಥೆಯಲ್ಲಿ ಬೋಧಿಸಿರಬೇಕು. ಎರಡೂ ಅರ್ಹತೆಯುಳ್ಳವರು ಎರಡೂ ಕ್ಷೇತ್ರಗಳಲ್ಲಿ ಮತ ಚಲಾಯಿಸಬಹುದು. ವಿಧಾನಸಭೆಯ ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು; ಪ್ರತಿ ಚುನಾವಣೆಗೂ ಈ ಪಟ್ಟಿ ಹೊಸದಾಗಿ ಸಿದ್ಧವಾಗುವುದರಿಂದ ಪ್ರತಿ ಸಲವೂ ಅರ್ಜಿ ಸಲ್ಲಿಸಬೇಕು. ಕಳೆದ ಸಲ ಮತ ಹಾಕಿದೆನೆಂದು ನಿಶ್ಚಿಂತರಾಗಿ ಕುಳಿತವರ ಹೆಸರು ಈ ಸಲ ಇರುವುದಿಲ್ಲ. ಅಕ್ಷರ ಕಲಿತವರಿಗೆಂದೇ ಸಂವಿಧಾನವು ತೆಗೆದಿರಿಸಿದ ಹಕ್ಕು, ಒಂದು ಅರ್ಜಿ ತುಂಬದ ಕಾರಣಕ್ಕೆ ಅಕ್ಷರವಂತರ ಕೈತಪ್ಪಬಾರದು.