ಮೊಂಡು ಈಳಿಗೆಯೊಡನೆ ಇನ್ನೆಷ್ಟು ದಿನ?

ಸೋದರಿಯರೇ, ಕಬ್ಬಿನ ಹಂಗಾಮು ಶುರುವಾದಾಗ ರಾಯಬಾಗ, ಕಾಗವಾಡದ ಹೊಲಗಳ ಕಡೆ ಒಮ್ಮೆ ನೋಡಿ. ಕಬ್ಬು ಕಡಿಯುವವನು ಹೊಲಕ್ಕೆ ಕಾಲಿಡುವ ಮೊದಲು ತನ್ನ ಕೊಯ್ತಾ ಮಸೆದುಕೊಳ್ಳುತ್ತಾನೆ. ಅಥಣಿಯಲ್ಲಿ ಚಪ್ಪಲಿ ಮಾಡುವ ಕಸುಬಿನವರು ತೊಗಲು ಕೊಯ್ಯುವ ರಂಪಿಗೆಯನ್ನು ಆಗಾಗ ಕಲ್ಲಿಗೆ ತಿಕ್ಕಿಯೇ ಮುಂದಿನ ಅಟ್ಟೆಗೆ ಕೈ ಹಾಕುತ್ತಾರೆ. ನಮ್ಮ ಬೆಳಗಾವಿ ಜಿಲ್ಲೆಯೂ ಸೇರಿದಂತೆ ಕರ್ನಾಟಕದ ನಾಲ್ಕು ಜಿಲ್ಲೆಗಳ ಆ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂತಲ್ಲ, ಅದರ ಹಿಂದೆ ಈ ಹರಿತದ ಪಾಲೂ ಇದೆ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ. ಎಲೆ ಕತ್ತರಿಸುವ ಕತ್ತರಿ ಮೊಂಡಾದರೆ ಅಂದಿನ ದುಡ್ಡೇ ಕಡಿಮೆ. ಅದಕ್ಕೇ ಅವರು ಕತ್ತರಿಯನ್ನು ಕಣ್ಣಿನಂತೆ ಕಾಯುತ್ತಾರೆ.

ಈಗ ನಮ್ಮ ಅಡಿಗೆಮನೆಗೆ ಬನ್ನಿ. ದಿನಕ್ಕೆರಡು ಹೊತ್ತು, ವರ್ಷಕ್ಕೆ ಮುನ್ನೂರ ಅರವತ್ತು ದಿನ ದುಡಿಯುವ ಈಳಿಗೆ ಸಾಣೆ ಕಂಡು ಎಷ್ಟು ಕಾಲವಾಯಿತು? “ಅದರಾಗೇನೈತ್ರಿ, ಹೆಂಗೋ ನಡೀತೈತಿ” ಎನ್ನುತ್ತೇವೆ. ಖಂಡೇನವಮಿಯ ದಿನ ಅದಕ್ಕೂ ಅರಿಷಿಣ-ಕುಂಕುಮ ಹಚ್ಚುತ್ತೇವೆ, ಮರುದಿನ ಅದೇ ಮೊಂಡು ಅಲಗಿನಿಂದ ಚವಳಿಕಾಯಿ ಜಗ್ಗಾಡುತ್ತೇವೆ. ಮನೆಯವರಿಗೆ ಹೇಳಿದರೆ “ಸಂತೀಗೆ ಹೋದಾಗ ನೋಡೋಣ” ಎಂಬ ಮಾತು. ಆ ಸಂತೆ ಬರುವುದೇ ಇಲ್ಲ. ಹೊಲದ ಕುಡಗೋಲಿಗೆ ಸಿಗುವ ಮರ್ಯಾದೆ ಒಳಗಿನ ಈಳಿಗೆಗೆ ಯಾಕಿಲ್ಲ? ಅದು ಕೂಲಿ ತರುವುದಿಲ್ಲ ಎಂದೇ? ಈ ಕೆಲಸಕ್ಕೆ ಯಾರ ದಾರಿಯನ್ನೂ ಕಾಯಬೇಕಿಲ್ಲ. ಕಲಿತುಕೊಂಡರೆ ನೀವೇ ಕಾಲು ಗಂಟೆಯಲ್ಲಿ ಮಾಡಿಕೊಳ್ಳಬಹುದು.

ಮೊಂಡೇ ಹೆಚ್ಚು ಅಪಾಯ

“ಮನ್ಯಾಗ ಸಣ್ಣ ಮಕ್ಕಳದಾವು, ಹರಿತ ಇರೂದು ಬ್ಯಾಡ” ಎಂದು ಬೇಕೆಂದೇ ಮೊಂಡಾಗಿ ಇಟ್ಟುಕೊಳ್ಳುವವರಿದ್ದಾರೆ. ಇದು ತಪ್ಪು ತಿಳಿವಳಿಕೆ. ಹರಿತವಾದ ಅಲಗು ಕಾಯಿಯ ಸಿಪ್ಪೆಯನ್ನು ಹಿಡಿದು ನೇರ ಒಳಗಿಳಿಯುತ್ತದೆ. ಮೊಂಡು ಅಲಗು ಸಿಪ್ಪೆಯ ಮೇಲೆ ಜಾರುತ್ತದೆ. ಅದು ಇಳಿಯಲೆಂದು ನೀವು ಹೆಚ್ಚು ಒತ್ತುತ್ತೀರಿ. ಒತ್ತಿದ ಕೈ ಜಾರಿದಾಗ ಅಷ್ಟೇ ಜೋರಿನಿಂದ ಬೆರಳ ಮೇಲೆ ಬರುತ್ತದೆ. ಕುಂಬಳಕಾಯಿ ಹೋಳು ಮಾಡುವಾಗಲಂತೂ ಈ ಮಾತು ನೆನಪಿರಲಿ. ಮಕ್ಕಳಿರುವ ಮನೆಯಲ್ಲಿ ಅಲಗನ್ನು ಎತ್ತರದಲ್ಲಿಡಬೇಕು, ಮೊಂಡು ಮಾಡುವುದಲ್ಲ.

ಉಳ್ಳಾಗಡ್ಡಿಯ ಕಣ್ಣೀರಿಗೂ ಇದಕ್ಕೂ ನಂಟಿದೆ. 2025ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಉಳ್ಳಾಗಡ್ಡಿ ಕೊಯ್ಯುವಾಗ ಹಾರುವ ರಸದ ಹನಿಗಳನ್ನು ಕ್ಯಾಮೆರಾದಲ್ಲಿ ಹಿಡಿದು ನೋಡಿದರು. ಮೊಂಡು ಅಲಗಿನಲ್ಲಿ ಕೊಯ್ದಾಗ ಹನಿಗಳು ಹೆಚ್ಚು ಸಂಖ್ಯೆಯಲ್ಲಿ, ಹೆಚ್ಚು ವೇಗವಾಗಿ ಚಿಮ್ಮಿದವು. ಮೊಂಡು ಅಲಗು ಪದರವನ್ನು ಸೀಳುವ ಮೊದಲು ಅದುಮುತ್ತದೆ, ಒಳಗಿನ ರಸ ಸಿಡಿಯುತ್ತದೆ. ಹರಿತ ಅಲಗಿನಿಂದ ಮೆಲ್ಲಗೆ ಕೊಯ್ದರೆ ಕಣ್ಣಿಗೆ ಉರಿ ಕಡಿಮೆ. ರುಚಿಯ ಮಾತೂ ಇದೆ. ಪಚಡಿಗೆ ಹೆಚ್ಚಿದ ಸೌತೆಕಾಯಿ, ಮೆಂತ್ಯೆಸೊಪ್ಪು ಜಜ್ಜಿದಂತಾದರೆ ನೀರೊಡೆದು ಸಪ್ಪಗಾಗುತ್ತದೆ. ಎಣ್ಣೆಗಾಯಿಗೆ ಬದನೆಕಾಯಿಯನ್ನು ತೊಟ್ಟು ಬಿಡಿಸದೆ ನಾಲ್ಕಾಗಿ ಸೀಳಬೇಕಲ್ಲ, ಮೊಂಡು ಚಾಕುವಿಗೆ ಅದು ಒಡೆದೇ ಹೋಗುತ್ತದೆ.

ಪರೀಕ್ಷೆ ಹೀಗೆ ಮಾಡಿ

ಹಣ್ಣಾದ ಟೊಮೆಟೊ ಒಂದನ್ನು ತೆಗೆದುಕೊಳ್ಳಿ. ಒತ್ತದೆ, ಅಲಗನ್ನು ಅದರ ಮೇಲೆ ಸುಮ್ಮನೆ ಎಳೆಯಿರಿ. ಸಿಪ್ಪೆ ಸೀಳಿದರೆ ಚಾಕು ಚೆನ್ನಾಗಿದೆ. ಗುಳಿ ಬಿದ್ದರೆ ಅಥವಾ ಜಾರಿದರೆ ಮಸೆಯುವ ಹೊತ್ತು ಬಂದಿದೆ. ಹಳೆಯ ಪತ್ರಿಕೆಯ ಹಾಳೆಯನ್ನು ಗಾಳಿಯಲ್ಲಿ ಹಿಡಿದು ಕೊಯ್ದೂ ನೋಡಬಹುದು; ಹರಿದು ಚಿಂದಿಯಾದ ಜಾಗವೇ ಅಲಗು ಮೊಂಡಾದ ಜಾಗ. ಬೆರಳನ್ನು ಅಲಗಿನುದ್ದಕ್ಕೂ ಸವರಿ ನೋಡುವ ಅಭ್ಯಾಸವನ್ನು ಮಾತ್ರ ಬಿಟ್ಟುಬಿಡಿ.

ಕಲ್ಲು ಯಾವುದು?

ಬಟ್ಟೆ ಒಗೆಯುವ ಕಲ್ಲಿಗೋ ಹಿತ್ತಲ ಮೆಟ್ಟಿಲಿಗೋ ನಾಲ್ಕು ಸಲ ಉಜ್ಜಿ ಮುಗಿಸುವುದು ನಮ್ಮ ರೂಢಿ. ಅಂಥ ಒರಟು ಕಲ್ಲಿನ ಮೇಲೆ ಅಲಗಿನ ಅಂಚು ಗರಗಸದಂತೆ ಹಲ್ಲು ಹಲ್ಲಾಗುತ್ತದೆ. ಎರಡು ದಿನ ಕೊಯ್ದಂತೆ ಅನ್ನಿಸುತ್ತದೆ, ಮೂರನೆಯ ದಿನ ಮತ್ತೆ ಮೊಂಡು. ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಒಂದು ಮಗ್ಗುಲು ಒರಟು, ಇನ್ನೊಂದು ಮಗ್ಗುಲು ನುಣುಪು ಇರುವ ಕಾರ್ಬೊರಂಡಂ ಮಸೆಗಲ್ಲು ಕೇಳಿ ತನ್ನಿರಿ. ಒಮ್ಮೆ ತಂದರೆ ಮನೆಯ ಬಳಕೆಗೆ ಎಷ್ಟೋ ವರ್ಷ ಬಾಳುತ್ತದೆ. ಕಲ್ಲು ಇಲ್ಲದ ಹೊತ್ತಿಗೆ ಪಿಂಗಾಣಿ ಬಟ್ಟಲನ್ನು ಬೋರಲು ಹಾಕಿ ನೋಡಿ. ತಳದಲ್ಲಿ ಹೊಳಪು ಕೊಡದ ಒರಟು ಬಳೆಯೊಂದಿರುತ್ತದೆ. ಚಾಕುವನ್ನು ಅದರ ಮೇಲೆ ಏಳೆಂಟು ಸಲ ಎಳೆದರೆ ಆ ಹೊತ್ತಿನ ಅಡಿಗೆ ಸಾಗುತ್ತದೆ.

ಚಾಕು ಮಸೆಯುವ ಕ್ರಮ

ಕಲ್ಲನ್ನು ಹತ್ತು ನಿಮಿಷ ನೀರಿನಲ್ಲಿ ನೆನೆಸಿಡಿ. ಮಣೆಯ ಮೇಲೆ ಒದ್ದೆ ಅರಿವೆ ಹಾಸಿ, ಅದರ ಮೇಲೆ ಕಲ್ಲಿಡಿ, ಜಾರುವುದಿಲ್ಲ. ಮೊದಲು ಒರಟು ಮಗ್ಗುಲು ಮೇಲಿರಲಿ.

ಈ ಕೆಲಸದ ಗುಟ್ಟೆಲ್ಲ ಚಾಕುವನ್ನು ಎಷ್ಟು ಓರೆಯಾಗಿ ಹಿಡಿಯುತ್ತೀರಿ ಎಂಬುದರಲ್ಲಿದೆ. ಪೂರ್ತಿ ಮಲಗಿಸಿದರೆ ಅಂಚು ಕಲ್ಲಿಗೆ ತಾಗುವುದಿಲ್ಲ, ಹೆಚ್ಚು ನಿಲ್ಲಿಸಿದರೆ ಅಂಚು ಇನ್ನೂ ಮೊಂಡಾಗುತ್ತದೆ. ಒಂದು ಇಂಚು ಅಗಲದ ಚಾಕುವಾದರೆ ಅದರ ಬೆನ್ನಿನ ಕೆಳಗೆ ಮಕ್ಕಳ ಪೆನ್ಸಿಲ್ ಒಂದನ್ನಿಟ್ಟು ನೋಡಿ. ಅಷ್ಟು ಎತ್ತರ ಸಾಕು. ಕಣ್ಣಿಗೆ ಅಳತೆ ಸಿಕ್ಕ ಮೇಲೆ ಪೆನ್ಸಿಲ್ ತೆಗೆದುಬಿಡಿ. ಎರಡು ಇಂಚು ಅಗಲದ್ದಾದರೆ ಎರಡು ಪೆನ್ಸಿಲ್ ಎತ್ತರ.

ಇನ್ನು ಕಲ್ಲಿನ ಮೇಲಿಂದ ತೆಳ್ಳನೆಯ ಪದರ ಕೆತ್ತಿ ತೆಗೆಯುವವರಂತೆ, ಹರಿತದ ಕಡೆ ಮುಂದಾಗಿ, ಹಿಡಿಕೆಯ ಬುಡದಿಂದ ತುದಿಯವರೆಗೆ ಇಡೀ ಅಲಗು ಕಲ್ಲಿಗೆ ತಾಗುವಂತೆ ಸರಿಸಿ. ಹತ್ತು-ಹದಿನೈದು ಸಲ ಒಂದೇ ಮಗ್ಗುಲು. ಈಗ ಹೆಬ್ಬೆರಳನ್ನು ಚಾಕುವಿನ ಬೆನ್ನಿನಿಂದ ಅಂಚಿನ ಕಡೆಗೆ ತಂದು ಹೊರಕ್ಕೆ ಸರಿಸಿ. ಅಂಚಿನುದ್ದಕ್ಕೂ ಮಾತ್ರ ಸವರಬೇಡಿ. ಕಲ್ಲಿಗೆ ತಾಗದ ಮಗ್ಗುಲಿನಲ್ಲಿ ಕೂದಲೆಳೆಯಂಥ ಒಂದು ಗೊರಕು ಬೆರಳಿಗೆ ಸಿಗಬೇಕು. ಅದು ಉದ್ದಕ್ಕೂ ಸಿಕ್ಕರೆ ಆ ಮಗ್ಗುಲಿನ ಕೆಲಸ ಮುಗಿಯಿತು. ಸಿಗದಿದ್ದರೆ ಇನ್ನಷ್ಟು ಮಸೆಯಿರಿ. ಆಮೇಲೆ ಮಗುಚಿ ಇನ್ನೊಂದು ಮಗ್ಗುಲು. ಇದೇ ಕೆಲಸವನ್ನು ಕಲ್ಲಿನ ನುಣುಪು ಭಾಗದಲ್ಲಿ ಹಗುರ ಕೈಯಿಂದ ಮಾಡಿ. ನಡುನಡುವೆ ಕಲ್ಲಿಗೆ ನೀರು ಚಿಮುಕಿಸುತ್ತಿರಿ.

ಕೊನೆಯದು ತೊಗಲಿನ ಕೆಲಸ. ಹಳೆಯ ಕಾಲದ ಕ್ಷೌರಿಕರು ಕತ್ತಿಯನ್ನು ತೊಗಲಿನ ಪಟ್ಟಿಗೆ ತಿಕ್ಕುತ್ತಿದ್ದುದನ್ನು ನೀವು ಕಂಡಿರಬಹುದು. ಮನೆಯಲ್ಲಿ ಹಳೆಯ ತೊಗಲಿನ ಬೆಲ್ಟ್ ಇದ್ದರೆ ಅದನ್ನು ತೊಳೆದು ಒಣಗಿಸಿ ಮಣೆಗೆ ಮೊಳೆ ಹೊಡೆಯಿರಿ. ಇದರ ಮೇಲೆ ಚಾಕುವಿನ ಬೆನ್ನು ಮುಂದು, ಅಂಚು ಹಿಂದು, ಹೀಗೆ ಎಳೆಯಬೇಕು. ಅಂಚು ಮುಂದಾದರೆ ತೊಗಲೇ ಕೊಯ್ದುಹೋಗುತ್ತದೆ. ಹತ್ತು ಸಲ ಆ ಕಡೆ, ಹತ್ತು ಸಲ ಈ ಕಡೆ. ಉಳಿದ ಗೊರಕೂ ಹೋಗಿ ಅಂಚು ನುಣ್ಣಗಾಗುತ್ತದೆ. ವಾರಕ್ಕೊಮ್ಮೆ ಇಷ್ಟು ಮಾಡಿದರೆ ತಿಂಗಳುಗಟ್ಟಲೆ ಕಲ್ಲಿನ ನೆನಪಾಗದು. ಮಸೆದ ಮೇಲೆ ಚಾಕುವನ್ನು ತೊಳೆದೇ ಬಳಸಿ, ಕಬ್ಬಿಣದ ಸಣ್ಣ ಪುಡಿ ಅಂಟಿರುತ್ತದೆ.

ಈಳಿಗೆಯ ಆರೈಕೆ

ಈಳಿಗೆಯನ್ನು ಕಲ್ಲಿನ ಬಳಿ ಒಯ್ಯಲಾಗದು, ಕಲ್ಲನ್ನೇ ಈಳಿಗೆಯ ಬಳಿ ತರಬೇಕು. ಕೈಯಲ್ಲಿ ಹಿಡಿಯುವಂಥ ಸಣ್ಣ ಕಲ್ಲು ಇದಕ್ಕೆ ಅನುಕೂಲ. ಎಂದಿನಂತೆ ಅಲಗಿನ ಎದುರಿಗೆ ಕೂಡಬೇಡಿ, ಮಗ್ಗುಲಿಗೆ ಕೂತು ಮಣೆಯನ್ನು ಒತ್ತಿ ಹಿಡಿಯಿರಿ. ಒದ್ದೆ ಕಲ್ಲನ್ನು ಅಂಚಿನಿಂದ ಬೆನ್ನಿನ ಕಡೆಗೆ ಸರಿಸುತ್ತ, ಬುಡದಿಂದ ತುದಿಯವರೆಗೆ ಬನ್ನಿ. ಕೈ ಯಾವಾಗಲೂ ಅಂಚಿನಿಂದ ದೂರ ಹೋಗುತ್ತಿರಬೇಕು, ಅಂಚಿನ ಕಡೆಗೆ ಬರಬಾರದು. ಬೆರಳುಗಳು ಕಲ್ಲಿನ ಹೊರಗೆ ಚಾಚದಿರಲಿ.

ಅಲಗು ಮಣೆಗೆ ಕೂಡುವ ಕಡೆ ಅಲ್ಲಾಡುತ್ತಿದೆಯೇ ನೋಡಿ. ಅಲ್ಲಾಡುವ ಈಳಿಗೆ ಎಷ್ಟು ಹರಿತವಿದ್ದರೂ ನಂಬಬಾರದು. ತಿರುಪು ಇದ್ದರೆ ಬಿಗಿ ಮಾಡಿ, ಮೊಳೆ ಸಡಿಲಾಗಿದ್ದರೆ ಕಮ್ಮಾರನಿಂದ ಬಡಿಸಿ. ತುದಿಯ ಕೊಬ್ಬರಿ ಹೆರೆಯುವ ಹಲ್ಲುಗಳು ಸವೆದಿದ್ದರೆ ಸಂದು ಸಂದುಗಳಲ್ಲಿ ಮೂರು ಮೂಲೆಯ ಅರದಿಂದ ನಾಲ್ಕೈದು ಸಲ ತಿಕ್ಕಿದರೆ ಸಾಕು.

ಕಬ್ಬಿಣದ ಈಳಿಗೆ ಮಾವಿನಕಾಯಿ, ನಿಂಬೆಹಣ್ಣಿನ ಹುಳಿಗೆ ಕಪ್ಪಾಗುತ್ತದೆ, ತುಕ್ಕು ಬೇಗ ಹಿಡಿಯುತ್ತದೆ. ಕೊಯ್ದ ಕೂಡಲೇ ತೊಳೆದು, ಒಣ ಅರಿವೆಯಿಂದ ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿಡಿ. ಸ್ಟೇನ್‌ಲೆಸ್ ಸ್ಟೀಲಿಗೆ ಈ ತೊಂದರೆ ಕಡಿಮೆ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತ ಬಂದೂಕಿನ ನಳಿಗೆಗೆಂದು ಉಕ್ಕು ಹುಡುಕುವಾಗ ತಯಾರಿಸಿದ್ದು, ಕೊನೆಗೆ ಚಾಕು-ಚೂರಿಗಳಿಗೆ ಒದಗಿತು. ಅದರಲ್ಲಿ ಬೆರೆತ ಕ್ರೋಮಿಯಂ ತುಕ್ಕನ್ನು ತಡೆಯುತ್ತದೆ, ಮೊಂಡಾಗುವುದನ್ನಲ್ಲ. ಅದನ್ನೂ ಮಸೆಯಲೇಬೇಕು.

ಸಾಣೆಯವನು ಬಂದರೆ

ಸೈಕಲ್ಲಿಗೆ ಚಕ್ರ ಕಟ್ಟಿಕೊಂಡು ಓಣಿಗೆ ಬರುವ ಸಾಣೆಯವನಿಂದ ಮಾಡಿಸಿದರೂ ಒಳ್ಳೆಯದೇ. ಆಳವಾಗಿ ಹಲ್ಲು ಮುರಿದ ಅಲಗಿಗೆ ಅವನ ಚಕ್ರವೇ ಬೇಕು. ಆದರೆ ಎದುರಿಗೆ ನಿಂತು ನೋಡಿ. ಕಿಡಿ ಹಾರುವಷ್ಟು ಒಣಗಾಗಿ ಒತ್ತಿ ಹಿಡಿದರೆ ಅಂಚು ಕಾಯುತ್ತದೆ. ಕಾದು ನೀಲಿ ಬಣ್ಣ ಬಂದ ಜಾಗದಲ್ಲಿ ಉಕ್ಕಿನ ಗಡಸುತನ ಹೋಯಿತೆಂದೇ ತಿಳಿಯಿರಿ, ಅಲ್ಲಿ ಹರಿತ ನಿಲ್ಲದು. “ನಡುನಡುವ ನೀರಾಗ ಅದ್ದಿ ಹಗೂರಕ ಹಿಡಿಯಪಾ” ಎಂದು ಹೇಳುವುದಕ್ಕೆ ಸಂಕೋಚ ಬೇಡ. ಒಂದು ತಂಬಿಗೆ ನೀರು ನೀವೇ ಕೊಟ್ಟುಬಿಡಿ.

ಮೊಂಡಾಗದಂತೆ ನೋಡಿಕೊಳ್ಳಿ

ಸ್ಟೀಲಿನ ತಾಟಿನಲ್ಲಿ, ಕಡಪಾ ಕಲ್ಲಿನ ಕಟ್ಟೆಯ ಮೇಲೆ ಹೆಚ್ಚಬೇಡಿ. ಕಟ್ಟಿಗೆಯ ಮಣೆ ಇಟ್ಟುಕೊಳ್ಳಿ. ಬೆಲ್ಲದ ಪೆಂಟೆಗೆ ಚಾಕು ಚುಚ್ಚಿ ತಿರುವಬೇಡಿ. ನಮ್ಮ ಕಡೆಯ ಮನೆಗಳಲ್ಲಿ ಚಾಕು ಹಾಳಾಗುವುದು ಹೆಚ್ಚಾಗಿ ಇದರಿಂದಲೇ. ಬೆಲ್ಲಕ್ಕೆ ಕಲ್ಲಿನ ಬತ್ತವಿದೆ. ಡಬ್ಬಿಯ ಮುಚ್ಚಳ ಎಬ್ಬಿಸಲು, ಕಾಯಿ ಒಡೆಯಲು ಬೇರೆ ಹಳೆಯದೊಂದು ಇರಲಿ. ಹೆಚ್ಚಿದ್ದನ್ನು ಮಣೆಯಿಂದ ಬಳಿಯುವಾಗ ಚಾಕುವಿನ ಬೆನ್ನಿನಿಂದ ಬಳಿಯಿರಿ. ಮುಸುರೆ ಪಾತ್ರೆಗಳ ಜೊತೆ ಚಾಕು ಹಾಕುವುದು ಬೇಡ. ಅಂಚೂ ಕೆಡುತ್ತದೆ, ತಿಕ್ಕುವವರ ಕೈಯೂ ಕೊಯ್ಯುತ್ತದೆ. ಮಡಚುವ ಈಳಿಗೆಯನ್ನು ಮಡಚಿ, ಮಡಚದ್ದನ್ನು ಗೋಡೆಗೆ ಮುಖ ಮಾಡಿ ಇಡಿ.

ಕಿಸಣಿಯನ್ನು ಮನೆಯಲ್ಲಿ ಮಸೆಯಲು ಬಾರದು. ತುರಿದ ಕೂಡಲೇ ಹಿಂಬದಿಯಿಂದ ಬ್ರಶ್ ಹಾಕಿ ತೊಳೆಯಿರಿ, ಹಲ್ಲು ಸವೆದರೆ ಹೊಸದು ತನ್ನಿರಿ. ಕತ್ತರಿಗೆ ಪಾಲೀಶ್ ಕಾಗದವನ್ನು ಹತ್ತು ಸಲ ಕತ್ತರಿಸಿದರೆ ಅಂಚಿನ ಸಣ್ಣ ಗೊರಕು ಹೋಗುತ್ತದೆ. ದಾರ ಎಳೆದು ಹೆಚ್ಚುವ ಪ್ಲಾಸ್ಟಿಕ್ ಡಬ್ಬಿ ಈಗ ಅನೇಕ ಮನೆಗಳಲ್ಲಿದೆ. ಉಳ್ಳಾಗಡ್ಡಿಯನ್ನು ಇಡಿಯಾಗಿ ಹಾಕದೆ ನಾಲ್ಕು ಹೋಳು ಮಾಡಿ ಹಾಕಿ, ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ದಾರ ಇರುವ ಮುಚ್ಚಳವನ್ನು ನೀರಲ್ಲಿ ಮುಳುಗಿಸದೆ ಒದ್ದೆ ಅರಿವೆಯಿಂದ ಒರೆಸಿ.

ಕೈ ಕೊಯ್ದರೆ

ಎಷ್ಟು ಎಚ್ಚರವಿದ್ದರೂ ಒಮ್ಮೊಮ್ಮೆ ತಾಗುತ್ತದೆ. ಸುಣ್ಣ, ಕಾಫಿಪುಡಿ, ಬೂದಿ ಮೆತ್ತಬೇಡಿ. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ತೊಳೆದು, ಸ್ವಚ್ಛ ಅರಿವೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಆಗಲೂ ರಕ್ತ ನಿಲ್ಲದಿದ್ದರೆ, ಗಾಯ ಆಳವಾಗಿದ್ದರೆ, ಬೆರಳು ಜೋಮು ಹಿಡಿದರೆ ದವಾಖಾನೆಗೆ ಹೋಗಿ. ಧನುರ್ವಾಯು ತುಕ್ಕಿನಿಂದ ಬರುವುದಲ್ಲ. ಅದರ ರೋಗಾಣು ಮಣ್ಣು, ಸಗಣಿಯಲ್ಲಿರುತ್ತದೆ. ಹಿತ್ತಲು, ದನದ ಕೊಟ್ಟಿಗೆ ಇರುವ ಮನೆಯವರು ಇದನ್ನು ಲಘುವಾಗಿ ಕಾಣಬಾರದು. ಕೊನೆಯ ಚುಚ್ಚುಮದ್ದು ಯಾವಾಗ ಆಗಿತ್ತೆಂದು ವೈದ್ಯರಿಗೆ ಹೇಳಿ ಸಲಹೆ ಪಡೆಯಿರಿ.

ನೆನಪಿಗೆ ಮೂರು ಹಬ್ಬ

ಚಾಕುವಿಗೆ ಟೊಮೆಟೊ ಪರೀಕ್ಷೆಯೇ ಪಂಚಾಂಗ. ಈಳಿಗೆಗೆ ಮೂರು ಹಬ್ಬ ಗೊತ್ತು ಮಾಡಿಕೊಳ್ಳಿ: ಯುಗಾದಿ, ನಾಗರ ಪಂಚಮಿ, ಖಂಡೇನವಮಿ. ಪಂಚಮಿಯ ದಿನ ಹೆಚ್ಚಬಾರದು, ಕೊಯ್ಯಬಾರದು ಎಂಬ ರೂಢಿ ನಮ್ಮ ಅನೇಕ ಮನೆಗಳಲ್ಲಿದೆ. ಹಿಂದಿನ ದಿನವೇ ಮಸೆದು, ಎಣ್ಣೆ ಸವರಿ ಇಟ್ಟರೆ ಅದಕ್ಕೂ ಒಂದು ದಿನದ ವಿಶ್ರಾಂತಿ. ಮಸೆಯುವಾಗ ಬೆಳೆದ ಮಗಳನ್ನೂ ಮಗನನ್ನೂ ಹತ್ತಿರ ಕೂಡಿಸಿಕೊಂಡು ಕಲಿಸಿ. ಮುಂದಿನ ಸಂತೆಯ ಚೀಟಿಯಲ್ಲಿ ಉಪ್ಪು, ಸಾಬೂನಿನ ಜೊತೆಗೆ ‘ಮಸೆಗಲ್ಲು ಒಂದು’ ಎಂದು ಬರೆಯಿರಿ. ಈ ಸಲ ಅದು ಮನೆಗೆ ಬರಲಿ.