ಬೀಳುವ ಹಲ್ಲಿನ ಬೆಲೆ

ಮಗುವಿಗೆ ಮೊದಲ ಹಲ್ಲು ಮೂಡಿತೆಂದರೆ ಮನೆಯಲ್ಲಿ ಸಂಭ್ರಮ. ಆರೇಳು ವರ್ಷಗಳ ಮೇಲೆ ಅದು ಬಿದ್ದಾಗಲೂ ಸಂಭ್ರಮವೇ. ಬಿದ್ದ ಹಲ್ಲನ್ನು ಸಗಣಿಯಲ್ಲಿಟ್ಟು ಮಾಡಿನ ಮೇಲಕ್ಕೆ ಎಸೆಯುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಹಳೆಯದು. ಆದರೆ ನಡುವಣ ವರ್ಷಗಳಲ್ಲಿ ಆ ಹಲ್ಲನ್ನು ವಿಚಾರಿಸುವವರು ವಿರಳ. ಹುಳುಕು ಹಿಡಿದು ಕಪ್ಪಾದರೂ “ಹಾಲುಹಲ್ಲು ತಾನೆ, ಹೇಗೂ ಬೀಳುವಂಥದು” ಎಂಬ ಮಾತಿನಿಂದ ಹಿರಿಯರು ಸಮಾಧಾನ ತಂದುಕೊಳ್ಳುತ್ತಾರೆ. ಕೂಸು ರಾತ್ರಿಯೆಲ್ಲ ಅತ್ತು, ಬೆಳಗಾಗುವಷ್ಟರಲ್ಲಿ ಕೆನ್ನೆ ಊದಿಕೊಂಡಾಗಲೇ ದಂತವೈದ್ಯರ ನೆನಪು.

ಹಾಗಾದರೆ ಮಗುವನ್ನು ದಂತವೈದ್ಯರಲ್ಲಿಗೆ ಮೊದಲು ಕರೆದೊಯ್ಯಬೇಕಾದುದು ಯಾವಾಗ? ಇಂದಿನ ಶಾಸ್ತ್ರಜ್ಞರ ಉತ್ತರ ಅನೇಕರಿಗೆ ಅಚ್ಚರಿ ತಂದೀತು: ಮೊದಲ ಹಲ್ಲು ಮೂಡಿದ ಆರು ತಿಂಗಳೊಳಗೆ, ಹೇಗೂ ಮೊದಲ ವರ್ಷ ತುಂಬುವುದರೊಳಗೆ. ಹಿಡಿಯಷ್ಟು ಹಲ್ಲೂ ಇಲ್ಲದ ಬಾಯಲ್ಲಿ ನೋಡುವುದಾದರೂ ಏನನ್ನು ಎಂಬ ಪ್ರಶ್ನೆ ಏಳುವುದು ಸಹಜ. ಹಾಲುಹಲ್ಲಿನ ಕೆಲಸವನ್ನು ಅರಿತರೆ ಅದಕ್ಕೆ ಉತ್ತರ ದೊರೆಯುತ್ತದೆ.

ಹಾಲುಹಲ್ಲುಗಳು ಒಟ್ಟು 20. ಸಾಮಾನ್ಯವಾಗಿ ಆರನೆಯ ತಿಂಗಳ ಸುಮಾರಿಗೆ ಮೂಡತೊಡಗಿ ಮೂರು ವರ್ಷದ ಹೊತ್ತಿಗೆ ಪೂರ್ತಿಯಾಗುತ್ತವೆ. ಮುಂದಿನ ಹಲ್ಲುಗಳು ಬೇಗ ಬಿದ್ದರೂ ಹಿಂದಿನ ದವಡೆಹಲ್ಲುಗಳು 10–12 ವರ್ಷದವರೆಗೂ ದುಡಿಯಬೇಕು. ಬೆಳೆಯುವ ವಯಸ್ಸಿನ ಊಟದ ಬಹುಭಾಗ ಅವುಗಳದೇ ಹೊಣೆ. ಮಾತು ಕಲಿಯುವ ಕಾಲವೂ ಅದೇ. ತಕಾರ ದಕಾರಗಳನ್ನು ವೈಯಾಕರಣರು ದಂತ್ಯಗಳೆಂದು ಕರೆದುದು ಸುಮ್ಮನೆ ಅಲ್ಲ. ಇನ್ನೊಂದು ಕೆಲಸ ಕಣ್ಣಿಗೆ ಕಾಣದಂಥದು. ಬಸ್ಸಿನಲ್ಲಿ ಟವಲು ಹಾಸಿ ಹಿಂದೆ ಬರುವವರಿಗೆ ಜಾಗ ಹಿಡಿಯುವಂತೆ, ಪ್ರತಿಯೊಂದು ಹಾಲುಹಲ್ಲೂ ತನ್ನ ಕೆಳಗೆ ರೂಪುಗೊಳ್ಳುತ್ತಿರುವ ಶಾಶ್ವತ ಹಲ್ಲಿಗೆ ಸ್ಥಳ ಕಾದಿರಿಸುತ್ತದೆ. ಹಿಂದಿನ ಹಾಲುಹಲ್ಲು ಅಕಾಲದಲ್ಲಿ ಹೋದರೆ ನೆರೆಯ ಹಲ್ಲು ಆ ಸ್ಥಳಕ್ಕೆ ಸರಿಯುತ್ತದೆ. ಬರಬೇಕಾದ ಹಲ್ಲು ದಾರಿ ಕಾಣದೆ ಓರೆಯಾಗಿ ಹುಟ್ಟಬಹುದು. ಹುಳುಕಿನ ಕೀವು ಬೇರಿಗಿಳಿದರೆ ಕೆಳಗಿನ ಎಳೆಯ ಹಲ್ಲಿಗೂ ಕೇಡು ತಪ್ಪದಿರಬಹುದು.

ಹುಳುಕು ಎಂಬ ಮಾತಿನಲ್ಲೇ ಹುಳು ಅಡಗಿದೆ. ಹಲ್ಲನ್ನು ಹುಳು ತಿನ್ನುತ್ತದೆಂಬ ನಂಬಿಕೆ ಜಗತ್ತಿನ ಬಹುಭಾಗದಲ್ಲಿ ಸಾವಿರಾರು ವರ್ಷ ನಡೆದುಬಂದಿತು. 1728ರಲ್ಲಿ ದಂತವೈದ್ಯದ ಮಹಾಗ್ರಂಥವನ್ನು ಪ್ರಕಟಿಸಿದ ಫ್ರಾನ್ಸಿನ ಪಿಯೆರ್ ಫೋಷಾರ್ ಆ ಹುಳು ತನಗೆ ಕಾಣಲಿಲ್ಲವೆಂದ. ಬರ್ಲಿನ್ನಿನಲ್ಲಿದ್ದ ಅಮೆರಿಕದ ವಿಜ್ಞಾನಿ ಮಿಲ್ಲರ್ 1890ರ ತನ್ನ ಗ್ರಂಥದಲ್ಲಿ ನಿಜವಾದ ಕಾರಣವನ್ನು ವಿವರಿಸಿದ: ಬಾಯಲ್ಲಿನ ಸೂಕ್ಷ್ಮಜೀವಿಗಳು ಸಿಹಿಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ, ಆ ಆಮ್ಲ ಹಲ್ಲಿನ ಮೇಲ್ಪದರವನ್ನು ಕರಗಿಸುತ್ತದೆ. ಹಾಲುಹಲ್ಲಿನ ಈ ಪದರ ಬಹಳ ತೆಳು. ಅಲ್ಲಿ ಹುಳುಕು ಬೇಗನೆ ಒಳಹೊಗುತ್ತದೆ.

ಎಷ್ಟು ಸಿಹಿ ತಿಂದೆವೆಂಬುದರಂತೆಯೇ ದಿನಕ್ಕೆ ಎಷ್ಟು ಸಲ ತಿಂದೆವೆಂಬುದೂ ಮುಖ್ಯ. ಊಟದ ಜೊತೆಗಿನ ಒಂದು ತುಂಡು ಮಿಠಾಯಿಗಿಂತ, ದಿನವಿಡೀ ಆಗಾಗ ಬಾಯಿಗೆ ಬೀಳುವ ಬಿಸ್ಕತ್ತು, ಪೆಪ್ಪರಮೆಂಟುಗಳು ಹೆಚ್ಚು ಕೇಡು. ಸಕ್ಕರೆ ಬೆರೆಸಿದ ಹಾಲಿನ ಬಾಟಲನ್ನು ಬಾಯಲ್ಲಿಟ್ಟು ಕೂಸನ್ನು ನಿದ್ದೆಮಾಡಿಸುವುದಂತೂ ಅತಿ ಅಪಾಯ. ನಿದ್ದೆಯಲ್ಲಿ ಜೊಲ್ಲು ಒಸರುವುದು ಕಡಿಮೆ, ತೊಳೆಯುವ ನೀರೇ ಇಲ್ಲದಂತಾಗುತ್ತದೆ. ಮೇಲಿನ ಮುಂಭಾಗದ ಹಲ್ಲುಗಳಲ್ಲಿ ಒಸಡಿನ ಅಂಚಿಗೆ ಸುಣ್ಣದ ಗೀರಿನಂಥ ಬಿಳಿ ಗೆರೆ ಕಂಡರೆ ಅದು ಹುಳುಕಿನ ಮೊದಲ ಸುಳಿವು. ತಾಯಿಗೆ ಕಾಣದ ಈ ಗೆರೆ ವೈದ್ಯರ ಕಣ್ಣಿಗೆ ಬೀಳುತ್ತದೆ. ಆ ಹಂತದಲ್ಲಿ ಆಹಾರವನ್ನು ತಿದ್ದಿ ಫ್ಲೋರೈಡ್ ಲೇಪ ಹಚ್ಚಿದರೆ ರೋಗವನ್ನು ತಡೆಯಬಹುದು. ಕೊರೆಯುವ ಯಂತ್ರದ ಗೊಡವೆಯೇ ಬೇಡ.

ಫ್ಲೋರೈಡಿನ ವಿಷಯದಲ್ಲಿ ಕನ್ನಡನಾಡಿಗೆ ವಿಶೇಷ ಎಚ್ಚರಿಕೆ ಅಗತ್ಯ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಅನೇಕ ಕಡೆ ಕೊಳವೆಬಾವಿಯ ನೀರಿನಲ್ಲಿ ಅದು ಮಿತಿಮೀರಿದೆ. ಅಂಥ ನೀರು ಕುಡಿದ ಮಕ್ಕಳ ಶಾಶ್ವತ ಹಲ್ಲುಗಳಲ್ಲಿ ಕಂದು ಕಲೆ ಮೂಡುತ್ತದೆ. ಆ ಹಾನಿ ಆಗುವುದು ಹಲ್ಲು ಇನ್ನೂ ಒಸಡಿನೊಳಗಿರುವ ಎಳೆತನದಲ್ಲಿ. ಪೇಸ್ಟನ್ನು ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಅನಂತರ ಆರರವರೆಗೆ ಬಟಾಣಿಯಷ್ಟು ಬಳಸುವುದು ಸಾಮಾನ್ಯ ನಿಯಮ. ಇಂಥ ಊರುಗಳಲ್ಲಿ ವೈದ್ಯರನ್ನು ಕೇಳಿ ಬಳಸುವುದು ಮೇಲು.

ಮೊದಲ ಭೇಟಿ ಭಯಂಕರವಾದುದೇನೂ ಅಲ್ಲ. ತಾಯಿಯೂ ವೈದ್ಯರೂ ಮಂಡಿಗೆ ಮಂಡಿ ತಾಗಿಸಿ ಎದುರುಬದುರು ಕೂರುತ್ತಾರೆ. ಮಗುವಿನ ತಲೆ ವೈದ್ಯರ ತೊಡೆಯ ಮೇಲೆ, ಕಾಲು ತಾಯಿಯ ಮಡಿಲಲ್ಲಿ. ಕೆಲವೇ ನಿಮಿಷಗಳಲ್ಲಿ ಪರೀಕ್ಷೆ ಮುಗಿಯುತ್ತದೆ. ಮಗು ಅತ್ತೀತು, ಅಳಲಿ. ಆದರೆ ನೋವುಂಡು ಹೋಗುವುದಿಲ್ಲ. ನೋವಿನ ದಿನವೇ ಮೊದಲ ಪರಿಚಯವಾದರೆ ವೈದ್ಯರೆಂದರೆ ಇಕ್ಕಳ, ಸೂಜಿ ಎಂಬ ಭಾವನೆ ಬೇರೂರಿ ಮುಪ್ಪಿನವರೆಗೂ ಕಾಡಬಹುದು. “ಹಟ ಮಾಡಿದರೆ ಡಾಕ್ಟರಿಂದ ಹಲ್ಲು ಕೀಳಿಸುತ್ತೇನೆ” ಎಂದು ಗದರಿಸುವ ಹಿರಿಯರು ಈ ಭಯಕ್ಕೆ ತಾವೇ ನೀರೆರೆಯುತ್ತಾರೆ.

ಮೊದಲ ಭೇಟಿಯ ಅನಂತರ ವೈದ್ಯರು ಹೇಳಿದ ಅವಧಿಗೆ, ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ, ತೋರಿಸುತ್ತ ಬರಬೇಕು. ಆರನೆಯ ವರ್ಷದಲ್ಲಿ ಹೆಚ್ಚಿನ ಗಮನ ಅಗತ್ಯ. ಆಗ ಹಾಲುಹಲ್ಲುಗಳ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆಯೇ, ದೊಡ್ಡ ದವಡೆಹಲ್ಲೊಂದು ಸದ್ದಿಲ್ಲದೆ ಮೂಡುತ್ತದೆ. ಅದನ್ನೂ ಹಾಲುಹಲ್ಲೆಂದೇ ಬಗೆದು ಅಲಕ್ಷಿಸುವವರುಂಟು. ಅದು ಬಾಳಿನುದ್ದಕ್ಕೂ ಇರಬೇಕಾದ ಹಲ್ಲು. ಕೆಟ್ಟರೆ ಅದರ ಸ್ಥಾನಕ್ಕೆ ಇನ್ನೊಂದು ಹುಟ್ಟುವುದಿಲ್ಲ.

ಪಾಠದಲ್ಲಿ ಮನಸ್ಸಿಲ್ಲದೆ ಕೂತಿರುವ, ಒಂದೇ ಪಕ್ಕದಲ್ಲಿ ಅಗಿಯುವ, ತಣ್ಣೀರಿಗೆ ಮುಖ ಕಿವುಚುವ ಮಗುವನ್ನು ತಾಯಿಗಿಂತ ಮೊದಲು ಗುರುತಿಸಬಲ್ಲವರು ಉಪಾಧ್ಯಾಯರು. ಹಲ್ಲುನೋವು ಇಂಥದೇ ಎಂದು ಹೇಳಲು ಎಳೆಯ ಮಕ್ಕಳಿಗೆ ಬಾರದು. ಹಸಿವಿಲ್ಲ ಎನ್ನುತ್ತವೆ, ನಿದ್ದೆಗೆಡುತ್ತವೆ, ಸಿಡುಕುತ್ತವೆ. ಅವುಗಳ ಪರವಾಗಿ ನೋಡಬೇಕಾದವರು ದೊಡ್ಡವರು. ಲಸಿಕೆಯ ದಿನಗಳನ್ನು ಗುರುತಿಟ್ಟುಕೊಳ್ಳುವ ತಂದೆತಾಯಿಗಳು, ವರ್ಷ ತುಂಬುವುದರೊಳಗೆ ಇನ್ನೊಂದು ದಿನವನ್ನು ಆ ಪಟ್ಟಿಗೆ ಸೇರಿಸಿಕೊಂಡರೆ ಎಷ್ಟೋ ರಾತ್ರಿಗಳ ಅಳು ತಪ್ಪೀತು.